ಸೊಸೆಗೆ ಕೊನೆಯ ಉಡುಪು

ಹಿಂದಿನ ಕಾಲದ ಕೊರಿಯಾ. ಆ ದೊಡ್ಡ ಮನೆಗೆ ಸುನ್‌ಯೆ ಮದುವಣಗಿತ್ತಿಯಾಗಿ ಬಂದದ್ದು ಹಸಿರು ಕುಪ್ಪಸ, ಕೆಂಪು ಲಂಗ ತೊಟ್ಟು. ನಾಲ್ಕೇ ತಿಂಗಳಿಗೆ ಗಂಡ ಜ್ವರದಿಂದ ತೀರಿಕೊಂಡ. ಆಮೇಲೆ ಮೂರು ವರ್ಷ ಅವಳು ಸೆಣಬಿನ ಬಿಳಿ ಬಟ್ಟೆಯಲ್ಲೇ ಇದ್ದಳು, ಹೆಬ್ಬಾಗಿಲು ದಾಟಲಿಲ್ಲ.

ಶೋಕದ ಅವಧಿ ಮುಗಿದ ದಿನ ಮಾವ ಅವಳ ಮುಂದೆ ವಿಷದ ಬಟ್ಟಲು ಇಟ್ಟರು.

"ಗಂಡನ ಹಿಂದೆ ಹೋದ ಸೊಸೆ ಹೆಸರಲ್ಲಿ ಅರಸರು ಊರ ಬಾಗಿಲಲ್ಲಿ ಗೌರವದ ಕಮಾನು ಕಟ್ಟಿಸ್ತಾರೆ. ನಮ್ಮ ಮನೆತನಕ್ಕೂ ಅದು ಬೇಕು. ನಾಳೆ ಮಧ್ಯಾಹ್ನ ನೆಂಟರನ್ನ ಕರ್ಕೊಂಡು ಬರ್ತೀನಿ, ಅಷ್ಟರೊಳಗೆ ಮುಗಿದಿರಲಿ."

ಹೆಂಡತಿಯತ್ತ ತಿರುಗಿ, "ಹೆಣದ ಉಡುಪು ಹೊಲಿದಿಡು," ಎಂದು ಹೇಳಿ ಕುದುರೆ ಹತ್ತಿದರು.

ಅತ್ತೆ ಅಳತೆಗೆ ದಾರ ಹಿಡಿದು ಬಂದರು. "ಕೈ ಎತ್ತು."

"ಅತ್ತೆ, ನಂಗೆ ಸಾಯೋಕೆ ಇಷ್ಟ ಇಲ್ಲ."

"ಅಲುಗಾಡ್ಬೇಡ, ಅಳತೆ ತಪ್ಪುತ್ತೆ."

"ನೀವೂ ಹೆಂಗಸಲ್ವಾ?"

ಅತ್ತೆ ದಾರ ಸುತ್ತಿಕೊಂಡರು. ಹೊರಗಿನಿಂದ ಚಿಲಕ ಹಾಕಿಕೊಂಡು ಹೋದರು. ಗೋಡೆಯಾಚೆ ಕತ್ತರಿಯ ಸದ್ದು ಕೇಳುತ್ತಲೇ ಇತ್ತು.

ಬೆಳಿಗ್ಗೆ ಅವರು ಬಟ್ಟೆಯ ಗಂಟು ತಂದು ಬಿಚ್ಚಿದರು. ಒಳಗಿದ್ದದ್ದು ಹೆಣದ ಉಡುಪಲ್ಲ, ಸಂತೆಯಲ್ಲಿ ಮೀನು ಮಾರುವ ಹೆಂಗಸರು ಉಡುವಂಥ ಮಾಸಲು ನೀಲಿಯ ಒರಟು ಲಂಗ, ಕುಪ್ಪಸ.

"ಬೇಗ ಹಾಕ್ಕೋ. ಹಿತ್ತಲ ಬಾಗಿಲು ತೆಗೆದಿದ್ದೀನಿ. ಹೊಳೆ ದಾಟೋ ದೋಣಿ ಹೊರಡೋ ಹೊತ್ತಾಯ್ತು."

ಸುನ್‌ಯೆ ಅವರ ಕೈ ಹಿಡಿದುಕೊಂಡಳು. "ಗೊತ್ತಾದ್ರೆ ಮಾವ ನಿಮ್ಮನ್ನ ಜೀವಸಹಿತ ಬಿಡ್ತಾರಾ?"

ಅತ್ತೆ ತಮ್ಮ ರೇಷ್ಮೆ ಲಂಗದ ಲಾಡಿ ಸಡಿಲಿಸಿ, ಗಂಟಿನಿಂದ ಇನ್ನೊಂದು ನೀಲಿ ಲಂಗ ಎತ್ತಿಕೊಂಡರು.