ಎರಡು ಬೆರಳು ದಪ್ಪ

ಬೆಳಿಗ್ಗೆ ತಾನೇ ಹೋಗಿ, ಬೆರಳಲ್ಲಿ ಒತ್ತಿ ನೋಡಿ ಆರಿಸಿ ತಂದಿದ್ದ ಎರಡು ಬೆರಳು ದಪ್ಪದ ಬೀಫ್ ಸ್ಟೇಕ್ ಮೇಜಿನಿಂದ ವಾಪಸ್ ಬಂದಾಗ ಬಾಣಸಿಗನಿಗೆ ಮೈಯೆಲ್ಲ ಉರಿಯಿತು.

"ಪೂರ್ತಿ ಕರಕಲಾಗುವಷ್ಟು ಸುಡಬೇಕಂತೆ," ಎಂದ ಸಪ್ಲೈಯರ್.

"ಥೂ! ಒಳ್ಳೇ ಮಾಂಸವನ್ನು ಚಪ್ಪಲಿ ಮಾಡಿಕೊಂಡು ತಿನ್ನುವ ಆ ದರಿದ್ರದವನು ಯಾರು?" ಎಂದು ತಟ್ಟೆ ಹಿಡಿದು ತಾನೇ ಹೊರಗೆ ಬಂದ.

ತನ್ನ ಬೀಗರು ಕರೆದರೆಂದು ಅವರ ಜೊತೆ ಊಟಕ್ಕೆ ಬಂದಿದ್ದ ಆ ಗಿರಾಕಿ, ಬೆಳಿಗ್ಗೆ ಇದೇ ತುಂಡನ್ನು ಮಾರಿದ ಮಾಂಸದಂಗಡಿಯವ!

"ನೀನೇ ಹೀಗಂದ್ರೆ ಹೇಗೆ ಮಾರಾಯ? ಒಳಗೆ ಕೆಂಪು ಉಳಿದ್ರೇ ಇದಕ್ಕೆ ರುಚಿ. ನೋಡು," ಎಂದು ಬಾಣಸಿಗ ಅರೆಬೆಂದ ಚೂರೊಂದನ್ನು ಕೊಯ್ದು ಬಾಯಿಗಿಟ್ಟು ಚಪ್ಪರಿಸಿದ.

ಅಂಗಡಿಯವ ಬೀಗರತ್ತ ಹುಳ್ಳಗೆ ನಕ್ಕು, ಬಾಣಸಿಗನ ಕಿವಿಯ ಬಳಿ ಬಾಗಿದ.

"ನುಂಗಬೇಡ ಮಾರಾಯ, ಅದು ಹೋದ ವಾರದ್ದು."