ದ್ರೌಪದಿಯ ಕೂದಲು

ಮೋಟಾರಿನಿಂದ ಇಳಿದ ಚೌಡಪ್ಪ ತಲೆಯ ಮೇಲಿನ ಹ್ಯಾಟು ತೆಗೆಯಲೇ ಇಲ್ಲ. ಹಾನಗಲ್ಲಿನ ನಾಟಕದ ತಗಡಿನ ಥೇಟರಿಗೆ ನಡೆದು ಬಂದ, ಕಂಪನಿಯ ಮಾಲಕ ಖಾದರಸಾಬರ ಕಾಲಿಗೆ ನಮಸ್ಕಾರ ಮಾಡಿದ, ಕೊಟ್ಟ ಚಹಾ ಕುಡಿದ. ಹ್ಯಾಟು ಮಾತ್ರ ಅಂಟು ಹಾಕಿ ಕೂರಿಸಿದಂತೆ ಇದ್ದಲ್ಲೇ ಇತ್ತು.

ಆ ಕಂಪನಿಯ ದ್ರೌಪದಿ ಅವನೇ. ಮೀಸೆ ಮೂಡುವ ಮೊದಲಿನಿಂದಲೂ ಹೆಣ್ಣು ಪಾತ್ರ. ಸೊಂಟ ದಾಟುವ ಕೂದಲು ಚೌರಿಯದಲ್ಲ, ಸ್ವಂತದ್ದು. ದುಃಶಾಸನ ಅದನ್ನು ಹಿಡಿದು ಎಳೆತಂದನೆಂದರೆ ಸವಣೂರು, ಶಿಗ್ಗಾಂವಿಯಿಂದ ಚಕ್ಕಡಿ ಹೂಡಿಕೊಂಡು ಬಂದವರೆಲ್ಲ ಗೊಳೋ ಎಂದು ಅಳುತ್ತಿದ್ದರು. ಹಾಗೆ ಕಣ್ಣೊರೆಸಿಕೊಂಡವರಲ್ಲಿ ಬಿಳಿ ಸಾಹೇಬನೊಬ್ಬನೂ ಇದ್ದ. ಅವನ ಶಿಫಾರಸಿನಿಂದಲೇ ಚೌಡಪ್ಪ ಮೂವತ್ತೇಳನೇ ಇಸವಿಯಲ್ಲಿ ಲಂಡನ್ನಿನ ನಾಟಕ ಶಾಲೆಯೊಂದರ ಬೇಸಿಗೆ ತರಗತಿಗೆ ಹಡಗು ಹತ್ತಿದ್ದು.

"ಏನೇನ್ ಕಲತಿ?" ಖಾದರಸಾಬರು ಚಹಾದ ಬಟ್ಟಲನ್ನೇ ನೋಡುತ್ತ ಕೇಳಿದರು.

"ಅಲ್ಲೆ ಹೆಂಗಸರ ಪಾತ್ರ ಹೆಂಗಸರಽ ಮಾಡ್ತಾರ್ರಿ. ಮೊದಲನೇ ದಿನಾನ ನಾಟಕ ಕಲಸೂ ಅಕ್ಕಾರು, ನಿನ್ನ ನಡಿಗ್ಯಾಗ ಒಮ್ಮೆ ನಡದ ತೋರ್ಸು ಅಂದ್ರು. ನಡದೆ. ಇದು ಪಾತ್ರದ ನಡಿಗಿ, ನಿಂದು ಎಲ್ಲೈತಿ ಅಂದ್ರು. ಮತ್ತೊಮ್ಮೆ ನಡದೆ. ಮತ್ತ ಅದಽ ಬಂತು. ನನ್ನ ನಡಿಗಿ ಯಾವುದು ಅನ್ನೂದು ನನಗಽ ಗೊತ್ತಿರಲಿಲ್ರಿ, ಮಾಲಕರ."

ಇಷ್ಟು ಹೇಳಿ, ಹೊಡೆತಕ್ಕೆ ಸಿದ್ಧನಾದವನಂತೆ ಕಣ್ಣು ಮುಚ್ಚಿ ಹ್ಯಾಟು ತೆಗೆದ. ಕಿವಿಯ ಮೇಲಕ್ಕೆ ಕತ್ತರಿಸಿದ ಕ್ರಾಪು! "ಕಂಪನಿ ಬಿಟ್ಟು ಹೋಗು ಅಂದ್ರ ಹೊಕ್ಕೇನ್ರಿ. ಆದ್ರ ಖರೇ ಹೇಳ್ತೇನಿ, ಕತ್ರಿ ಆಡಿದಾಗ ಜೀವಕ್ಕ ಭಾಳ ಹಗರ ಆತು."

ಖಾದರಸಾಬರು ಆ ತಲೆಯನ್ನೇ ದಿಟ್ಟಿಸಿದರು. ಆಮೇಲೆ ಕುರ್ಚಿಗೆ ಒರಗಿ, ಹೊಟ್ಟೆ ಕುಣಿಯುವಂತೆ ನಗತೊಡಗಿದರು. "ಯಾ ಅಲ್ಲಾ! ನನ್ನ ಉಳಿಸಿದೆಪಾ. ನಿನಗ ಹೆಂಗ ಹೇಳ್ಬೇಕಂತ ನಿದ್ದಿ ಇಲ್ಲ, ಊಟ ಇಲ್ಲ. ಶಾರವ್ವಾ, ಬಾ ಇಲ್ಲೆ!"

ಪರದೆ ಸರಿಸಿಕೊಂಡು ಬಂದವಳು ಹಿರೇಕೆರೂರಿನ ನಟಿ. ಚೌಡಪ್ಪ ಬರುವ ತನಕ ಇರಲೆಂದು ಕರೆಸಿದ್ದವಳು. ಆದರೆ ಅವಳ ದ್ರೌಪದಿಯನ್ನು ಕಂಡ ಜನ ಇನ್ನು ಬೇರೆಯವರು ಬೇಡವೆಂದು ಪಟ್ಟು ಹಿಡಿದಿದ್ದರಂತೆ. ಹಳೆಯ ನಟನಿಗೆ ಇದನ್ನು ಹೇಗೆ ತಿಳಿಸುವುದೆಂದು ಮಾಲಕರು, ಮಾಲಕರಿಗೆ ತಲೆ ಹೇಗೆ ತೋರಿಸುವುದೆಂದು ನಟ! ಪಾಪ, ಇಬ್ಬರೂ ಸುಮ್ಮನೆ ಹೆದರಿ ಸತ್ತಿದ್ದರು.

ಚೌಡಪ್ಪನೂ ನಕ್ಕ. ಎದೆಯ ಮೇಲಿನ ಕಲ್ಲು ಎತ್ತಿಟ್ಟಂತಾಗಿತ್ತು. ನಗು ನಿಂತ ಮೇಲೆ ಮಾತ್ರ ಮೆಲ್ಲಗೆ ಕೇಳಿದ: "ಹಂಗಾರ ನಾ ಇನ್ನ ಏನ್ ಮಾಡ್ಲಿರಿ? ಪರದಿ ಎಳಕೋತ ಕೂಡ್ಲೇನು?"

ಶಾರವ್ವ ಜಡೆಯ ಬುಡವನ್ನು ನೀವಿಕೊಳ್ಳುತ್ತ ಮುಂದೆ ಬಂದಳು.

"ಅಣ್ಣಾರ, ದುಃಶಾಸನ ನೀವಽ ಆಗ್ರಿ. ಈಗಿರಾಂವ ಎಳದ್ರ ಜೀವಾನ ಹೋಗತೈತಿ. ಎಷ್ಟು ಎಳದ್ರ ನೋಯತೈತಿ ಅನ್ನೂದು ನಿಮಗ ಗೊತ್ತೈತಿ."