ತುಂಬುವ ಕೊಡ, ಸುರಿಯುವ ಕೊಡ

ಗುಂಡಿ ಒತ್ತಿ ಕೈ ತೆಗೆದ ಮೇಲೆಯೇ ತಾನು ಮಾಡಿದ್ದೇನೆಂದು ಆತ್ಮಾರಾಮನಿಗೆ ಹೊಳೆದದ್ದು. ಅಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಕಲ್ಲು ಹೊರುವ ಹೆಂಗಸರ ಹಾಜರಿಯ ಒಂದು ಸಾಲೂ ಪರದೆಯ ಮೇಲೆ ಉಳಿದಿರಲಿಲ್ಲ.

ತಾಂಡೂರಿನ ಆ ಸಿಮೆಂಟ್ ಕಾರ್ಖಾನೆಗೆ ಹೊಸ ಕಂಪ್ಯೂಟರ್ ಬಂದು ಎಂಟೇ ದಿನ. ಹಾಜರಿ ಗುಮಾಸ್ತ ಆತ್ಮಾರಾಮನ ಕೈ ಹಳೆಯದರ ಮೇಲೆ ಎರಡು ವರ್ಷ ಪಳಗಿದ್ದು. ಒಂದು ಫ್ಲಾಪಿಯಲ್ಲಿದ್ದುದನ್ನು ಇನ್ನೊಂದಕ್ಕೆ ನಕಲು ಮಾಡು ಎನ್ನಬೇಕಾದರೆ, ಹಳೆಯದಕ್ಕೆ ತುಂಬಬೇಕಾದ ಕೊಡವನ್ನು, ಅಂದರೆ ಖಾಲಿ ಫ್ಲಾಪಿಯನ್ನು, ಮೊದಲು ಹೇಳಬೇಕು, ಸುರಿಯುವ ಕೊಡವನ್ನು ಆಮೇಲೆ. ಹೊಸದಕ್ಕೆ ಎಲ್ಲ ಉಲ್ಟಾ. ತಲೆಗೇನೋ ಗೊತ್ತಿತ್ತು; ಹಾಳು ಬೆರಳಿಗೆ ಗೊತ್ತಿರಬೇಕಲ್ಲ! ಖಾಲಿ ಫ್ಲಾಪಿ ಹೋಗಿ ತುಂಬಿದ್ದನ್ನೂ ಖಾಲಿ ಮಾಡಿತ್ತು. ಹಾಜರಿ ಪುಸ್ತಕ ಎಂದೋ ಬಂದ್ ಆಗಿತ್ತು. ಹಳೆಯ ಯಂತ್ರವನ್ನು ಕೊಟ್ಟವರೇ ಹೊತ್ತೊಯ್ದಿದ್ದರು.

ಆ ಹೆಂಗಸರಲ್ಲಿ ಉಳಿದವರೆಲ್ಲ ಹೊಸಬರು. ಯಾಲಾಲಿನ ಭೂದೇವಿ ಒಬ್ಬಳೇ ಹಳಬಳು. ವರ್ಷದೊಳಗೆ ಇನ್ನೂರ ನಲವತ್ತು ದಿನ ತುಂಬಿದರೆ ಕೆಲಸ ಪಕ್ಕಾ. ದಿನಾ ಸಂಜೆ ಕಿಟಕಿಗೆ ಬಂದು, "ಇವತ್ತಿಗಿ ಎಷ್ಟಾತ್ರಿ ಅಣ್ಣಾ?" ಎಂದು ಕೇಳಿಯೇ ಊರ ದಾರಿ ಹಿಡಿಯುತ್ತಿದ್ದಳು. ಇನ್ನೂರ ಮೂವತ್ತೊಂದು ಎಂದು ನಿನ್ನೆಯಷ್ಟೇ ಅವನು ಹೇಳಿದ್ದ.

ಮ್ಯಾನೇಜರ್ ಬಾಲರಾಜ ಸಾಹೇಬರು ಬಂದು ನೋಡಿದರು. "ಮಷೀನ್ ಕೆಟ್ಟದ ಅಂತ ಬರದು ಹಾಕು. ನಾಳಿಂದ ಎಲ್ಲಾರದೂ ಒಂದರಿಂದ ಹಿಡಿ."

"ಮಷೀನ್ ಕೆಟ್ಟಿಲ್ರಿ ಸಾಹೇಬ್, ನಾನೇ..."

"ಸುಮ್ನಿರೋ! ನಿನ್ನ ಪರ್ಮನೆಂಟ್ ಕಾಗದ ನನ್ನ ಮೇಜಿನ ಮ್ಯಾಲ ಅದ. ಸಹಿ ಮಾಡಬೇಕೋ ಬ್ಯಾಡೋ?"

ಆತ್ಮಾರಾಮ ಹೋಗಿ ತನ್ನ ಕುರ್ಚಿಯ ಮೇಲೆ ಕೂತ. ಅವನ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ದುಡಿದವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ.

ಸಂಜೆ ಭೂದೇವಿ ಬಂದಳು. ಮೈಯೆಲ್ಲ ಸುಣ್ಣಕಲ್ಲಿನ ಧೂಳು. "ಇವತ್ತಿಗಿ ಎಷ್ಟಾತ್ರಿ ಅಣ್ಣಾ?"

ಅವನು ಅವಳ ಮುಖ ನೋಡಲಿಲ್ಲ. "ಮಷೀನ್ ಕೆಟ್ಟು ಎಲ್ಲಾ ಅಳಿಸಿ ಹೋಗ್ಯಾದಕ್ಕಾ. ನಾಳಿಂದ ಮತ್ತ ಒಂದು."

ಅವಳು ಕಿಟಕಿಯ ಸರಳು ಹಿಡಿದು ನಿಂತಳು. "ಜ್ವರದಾಗ ಬಂದಿದ್ನಲ್ರಿ, ಆ ದಿನಾನೂ ಇಲ್ಲೇನ್ರಿ?"

"ಇಲ್ಲಕ್ಕಾ."

ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಅವನನ್ನೇ ಸಮಾಧಾನ ಮಾಡುವವಳಂತೆ ಹೇಳಿದಳು: "ಹೋಗ್ಲಿ ಬಿಡ್ರಿ. ಮಷೀನ್ ಕೆಟ್ರ ನೀವರ ಏನ್ ಮಾಡ್ತೀರಿ? ಮಾರಿ ಸಣ್ಣ ಮಾಡ್ಕೋಬ್ಯಾಡ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಆ ಮಾತು ಅವನ ಕರುಳಿಗೇ ನಾಟಿತು. ತಿರುಗಿ ಹೊರಟವಳನ್ನು ಕೂಗಿ ನಿಲ್ಲಿಸಿದ. "ಅಕ್ಕಾ, ಮಷೀನ್ ಕೆಟ್ಟಿಲ್ಲ. ಅಳಿಸಿದ್ದು ನನ್ನ ಕೈ. ಇವತ್ತಿಗಿ ಇನ್ನೂರ ಮೂವತ್ತೆರಡು ಆತು. ಬರದ ಕೊಡ್ತೀನಿ, ನಿಲ್ಲು."

ಬಿಳಿ ಹಾಳೆಯೊಂದನ್ನು ಎಳೆದುಕೊಂಡ. ಈ ಹಾಳೆ ಸಾಹೇಬರ ಮೇಜಿಗೆ ಹೋದರೆ ಅಲ್ಲಿರುವ ತನ್ನ ಕಾಗದಕ್ಕೆ ಸಹಿ ಬೀಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಪೆನ್ನು ಎತ್ತಿಕೊಂಡ. ಕೈ ತನ್ನ ಹಳೆಯ ರೂಢಿಯಂತೆಯೇ ನಡೆಯಿತು. ತುಂಬಬೇಕಾದವಳ ಹೆಸರು ಮೊದಲು ಬರೆದ, ಅದರ ಮುಂದೆ ಅವಳ ದಿನಗಳ ಲೆಕ್ಕ. ಕೊನೆಗೆ, ಸುರಿಯಬೇಕಾದವನ ಹೆಸರು, ತನ್ನದು.